ಕೋಚ್ ಮುಟ್ಟದ ಹದಿನಾಲ್ಕನೇ ಪಾಠ

ಪಾದ್ರಿ: ಕೊನೇ ಸಲ ಹೇಳ್ತಿದೀನಿ ಕೋಚ್. ಮಂಗನಿಂದ ಮನುಷ್ಯ ಅನ್ನೋ ಆ ಹದಿನಾಲ್ಕನೇ ಪಾಠ ನಿಲ್ಲಿಸ್ದೇ ಇದ್ರೆ ಶುಕ್ರವಾರ ನನ್ನ ಮಗ ಮೈದಾನಕ್ಕೆ ಇಳಿಯಲ್ಲ.

ಕೋಚ್: ಅವನು ಇಳೀದಿದ್ರೆ ಚೆಂಡು ಎಸೆಯೋರು ಯಾರು ಬ್ರದರ್ ಲೆಮ್? ನಾನಾ? ನನ್ನ ಮೊಣಕಾಲು ನೋಡಿದೀರಾ?

ಅಮೆರಿಕದ ಟೆನ್ನೆಸೀ ರಾಜ್ಯದ ಆ ಸಣ್ಣ ಊರಿನಲ್ಲಿ ಡ್ವೇನ್ ಹಟ್ಸೆಲ್‌ನನ್ನು ಕಟ್ಟಿಕೊಂಡ ಹೆಂಡತಿಯೂ ಕೋಚ್ ಎಂದೇ ಕರೆಯುತ್ತಿದ್ದಳು. ಹೈಸ್ಕೂಲಿನಲ್ಲಿ ಕೈಯಿಂದ ಚೆಂಡೆಸೆದು ಆಡುವ ಆ ದೇಶದ ಫುಟ್‌ಬಾಲ್ ಆಡಿಸುವವನು ತರಗತಿಯಲ್ಲೂ ಏನಾದರೊಂದು ಕಲಿಸಲೇಬೇಕೆಂಬುದು ಅಲ್ಲಿನ ಪದ್ಧತಿ. ಉಳಿದದ್ದೆಲ್ಲ ಹಂಚಿಹೋಗಿ ಇವನ ಪಾಲಿಗೆ ಜೀವಶಾಸ್ತ್ರ ಬಂದಿತ್ತು. ಶುಕ್ರವಾರ ಪಕ್ಕದ ಕೌಂಟಿಯವರ ಮೇಲೆ ಪಂದ್ಯ. ಈ ಸಲವೂ ಸೋತರೆ ಕೆಲಸಕ್ಕೇ ಸಂಚಕಾರ. ಈಗ ಖಾಲಿ ತರಗತಿಯಲ್ಲಿ ಎದುರಿಗೆ ಅವನದೇ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಲೆಮ್ಯುಯೆಲ್ ಕ್ರ್ಯಾಬ್‌ಟ್ರೀ, ಮಗನ ಪಠ್ಯಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಕೂರೆಂದರೂ ಕೂರದೆ ನಿಂತಿದ್ದರು.

ಕೋಚ್: ನಿಲ್ಲಿಸೋಕೆ ಮೊದಲು ಶುರು ಮಾಡಿರ್ಬೇಕಲ್ಲ.

ಪಾದ್ರಿ: ಅಂದ್ರೆ?

ಕೋಚ್: ಆ ಪಾಠದ ಮುಖಾನೇ ನಾನು ಇವತ್ತಿನವರೆಗೆ ನೋಡಿಲ್ಲ.

ಪಾದ್ರಿ: ಸುಳ್ಳು ಹೇಳ್ಬೇಡ. ಎಲ್ಲಿಗೆ ಬಂದಿದೀಯ?

ಕೋಚ್: ಮೂರನೇದಕ್ಕೆ. ಜೀವಕೋಶ. ನಡುವೆ ಇರೋ ನ್ಯೂಕ್ಲಿಯಸ್ ನಿಮ್ಮ ಮಗ ಅಂತ ಹೇಳ್ಕೊಡ್ತೀನಿ, ಸುತ್ತ ಗೋಡೆ ಕಟ್ಟಿ ಕಾಯೋರು ಆ ದಪ್ಪ ಹುಡುಗರು.

ಪಾದ್ರಿ: ಹೋದ ವರ್ಷ?

ಕೋಚ್: ಹೋದ ವರ್ಷವೂ ಮೂರೇ. ಆಮೇಲೆ ಹಳೇ ಪಂದ್ಯಗಳ ವಿಡಿಯೋ ಹಾಕ್ತೀನಿ. ಪಂದ್ಯ ಎಲ್ಲ ಮುಗಿದ್ಮೇಲೆ ಸೋತ ದುಃಖ.

ಶಹಬ್ಬಾಸ್ ಎನ್ನುತ್ತಾರೆಂದು ಕೋಚ್ ಕಾದ. ಪಾದ್ರಿಗಳ ಮುಖ ಮಾತ್ರ ಇಂಗು ತಿಂದಂತಾಯಿತು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಪಾದ್ರಿ: ಒಂದ್ಸಲನಾದ್ರೂ ಬಾಯ್ತಪ್ಪಿ ಮಂಗ ಅಂದಿದೀಯಾ?

ಕೋಚ್: ದಿನಾ ಅಂತೀನಿ. ಹುಡುಗ್ರನ್ನ.

ಪಾದ್ರಿ: ಅದಲ್ಲ.

ಕೋಚ್: ಹಾಗಾದ್ರೆ ಇಲ್ಲ. ಬೈಬಲ್ ತನ್ನಿ, ಕೈಯಿಟ್ಟು ಹೇಳ್ತೀನಿ. ಸಮಾಧಾನ ಆಯ್ತಾ?

ಪಾದ್ರಿ: ಕೆಟ್ಟೆ ಕಣಯ್ಯಾ.

ಕೋಚ್: ಪಾಠ ಮಾಡಿದ್ರೆ ತಾನೇ ಕೆಡೋದು?

ಪಾದ್ರಿ: ಹಳೇ ಟೈರ್ ಅಂಗಡೀಲಿ ಹೊಸ ಚರ್ಚ್ ತೆಗೆದಿದಾರಲ್ಲ. ಗಿಟಾರು, ಮೆತ್ತನೆ ಕುರ್ಚಿ, ಪುಕ್ಕಟೆ ಕಾಫಿ. ನನ್ನ ಬೆಂಚುಗಳೆಲ್ಲ ಖಾಲಿ ಹೊಡೀತಿದ್ವು. ಈ ಪಾಠಾನ ಬೈದು ಉಪದೇಶ ಶುರು ಮಾಡಿದ್ಮೇಲೆ ನಿಲ್ಲೋಕೂ ಜಾಗ ಇಲ್ಲ. ನಿಮ್ಮತ್ತೆ ಕೂಡ ವಾಪಸ್ ಬಂದ್ರು.

ಕೋಚ್: ಗೊತ್ತು. ಊಟಕ್ಕೆ ಬಂದು ನನ್ನ ಸೈತಾನ ಅಂದ್ರು. ಮೊದಲಿಂದಲೂ ಅಂತಿದ್ರು, ಹಾಗಾಗಿ ನಾನು ಕಾರಣ ಕೇಳ್ಲಿಲ್ಲ.

ಪಾದ್ರಿ: ನೀನು ಪಾಠಾನೇ ಮಾಡಿಲ್ಲ ಅಂತ ಗೊತ್ತಾದ್ರೆ, ಹಾವಿಲ್ಲದ ಹುತ್ತಕ್ಕೆ ಕೋಲು ಹಾಕ್ತಿದ್ದ ಅಂತ ಊರೆಲ್ಲ ನಗುತ್ತೆ. ಎದ್ದು ಕಾಫಿ ಕಡೆ ಹೋಗ್ತಾರೆ.

ಪಾದ್ರಿ ಹೊಸ ಹುರುಪಿನಿಂದ ಎದ್ದರು.

ಪಾದ್ರಿ: ಕೇಳು. ನಾಳೆ ನೀನು ಹದಿನಾಲ್ಕನೇ ಪಾಠ ಮಾಡ್ಲೇಬೇಕು. ಮಾಡ್ದೇ ಇದ್ರೆ ಶುಕ್ರವಾರ ನನ್ನ ಮಗ ಇಳಿಯಲ್ಲ.

ಕೋಚ್: ಈಗಷ್ಟೇ ಮಾಡಿದ್ರೆ ಇಳಿಯಲ್ಲ ಅಂದ್ರಿ.

ಪಾದ್ರಿ: ಆಗ ನೀನು ಕೆಲಸ ಮಾಡೋ ಮೇಷ್ಟ್ರು ಅಂದ್ಕೊಂಡಿದ್ದೆ.

ಕೋಚ್: ನಂಗೆ ಬರ್ಬೇಕಲ್ಲ ಬ್ರದರ್. ಈ ಊರಲ್ಲಿ ಅದನ್ನ ಪೂರ್ತಿ ಓದಿದೋರು ಯಾರಿದಾರೆ?

ಪಾದ್ರಿ ಕಿಟಕಿಯಾಚೆ ನೋಡುತ್ತ ಕೆಮ್ಮಿದರು. ಖಂಡಿಸುವ ಸಲುವಾಗಿ ಅವರು ಅದನ್ನು ಒಂದಕ್ಷರ ಬಿಡದೆ ಓದಿದ್ದರು. ಬಾಗಿಲಿಗೆ ಚಿಲಕ ಹಾಕಿ ಬಂದು ಬಳಪ ಕೈಗೆತ್ತಿಕೊಂಡರು.

ಪಾದ್ರಿ: ಮೊದಲನೇದು, ಮಂಗನಿಂದ ಮನುಷ್ಯ ಅಂತ ಪುಸ್ತಕದಲ್ಲಿ ಇಲ್ಲ.

ಕೋಚ್: ಚರ್ಚ್ ಮುಂದಿನ ಬೋರ್ಡಲ್ಲಿ ನೀವೇ ಹಾಕಿದೀರಲ್ಲ.

ಪಾದ್ರಿ: ಬೋರ್ಡಲ್ಲಿ ಜಾಗ ಕಡಿಮೆ. ಇಬ್ಬರಿಗೂ ಒಬ್ಬನೇ ಮುತ್ತಜ್ಜ, ಅಷ್ಟೆ. ಈಗ ಮೊಲ ತಗೋ. ನಿಧಾನ ಓಡಿದ್ದು ನಾಯಿ ಬಾಯಿಗೆ. ಜೋರಾಗಿ ಓಡಿದ್ದು ಉಳ್ಕೊಂಡು ಮರಿ ಹಾಕುತ್ತೆ. ಮರೀನೂ ಜೋರು.

ಕೋಚ್: ಟೀಮ್ ಆರಿಸಿದ ಹಾಗೆ.

ಪಾದ್ರಿ: ಹೌದು. ಆದ್ರೆ ಆರಿಸೋಕೆ ಕೋಚ್ ಇಲ್ಲ.

ಕೋಚ್: ಕೋಚಿಲ್ದೆ ಟೀಮ್ ಆಗುತ್ತಾ? ಮೇಲೆ ಯಾರೋ ಒಬ್ಬ ಇರ್ಲೇಬೇಕು.

ಪಾದ್ರಿ: ಅದು ಭಾನುವಾರದ ಮಾತು. ಇವತ್ತು ಬುಧವಾರ. ಇವತ್ತಿಗೆ ನಾಯಿ ಸಾಕು.

ಕೋಚ್: ಮತ್ತೆ ಕಣ್ಣು? ಕಣ್ಣು ತಾನಾಗೇ ಆಗೋಯ್ತಾ?

ಪಾದ್ರಿ: ಸ್ವಲ್ಪಸ್ವಲ್ಪವೇ ಆಯ್ತು ಮಾರಾಯ. ಮೊದಲು ಬೆಳಕು ಯಾವ್ದು, ಕತ್ತಲೆ ಯಾವ್ದು ಅಂತ ಗೊತ್ತಾದ್ರೂ ಸಾಕಿತ್ತು. ಕೋಟ್ಯಂತರ ವರ್ಷ ಬಿದ್ದಿತ್ತಲ್ಲ, ಏನವಸರ?

ಕೋಚ್: ಭೂಮಿಗೆ ಆರು ಸಾವಿರ ವರ್ಷ ಅಂತ ನೀವೇ...

ಪಾದ್ರಿ: ಮಧ್ಯೆ ಬಾಯಿ ಹಾಕ್ಬೇಡ.

ಪಾದ್ರಿ ಕೋಟು ಬಿಚ್ಚಿ ತೋಳು ಮಡಿಸಿದರು. ತಿಮಿಂಗಿಲದ ಮೈಯೊಳಗೆ ಇನ್ನೂ ಉಳಿದಿರುವ ಕಾಲೆಲುಬನ್ನು ಬರೆದು ತೋರಿಸಿದರು. ಭಾನುವಾರಗಳಲ್ಲಿ ತಪ್ಪದೆ ತೂಕಡಿಸುವ ಕೋಚ್ ಇವತ್ತು ರೆಪ್ಪೆ ಮುಚ್ಚಲಿಲ್ಲ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು.

ಪಾದ್ರಿ: ಅರ್ಥ ಆಯ್ತಾ?

ಕೋಚ್: ಪೂರ್ತಿ. ಆದ್ರೆ ನಂಬಿಕೆ ಬರ್ಲಿಲ್ಲ.

ಪಾದ್ರಿ: ಯಾಕೆ ಬರ್ಲಿಲ್ಲ?

ಕೋಚ್: ನಂಬಬಾರದು ಅಂತ ಹೇಳ್ಕೊಟ್ಟಿದ್ದೇ ನೀವು.

ಪಾದ್ರಿ: ಗಂಟಲು ಹರ್ಕೊಂಡು ಇಷ್ಟು ಚೆನ್ನಾಗಿ ಹೇಳಿದೀನಿ. ನನ್ನ ಮಾತು ಕೇಳಿ ಇದುವರೆಗೆ ಒಬ್ಬನೂ ನಂಬದೆ ಎದ್ದು ಹೋಗಿಲ್ಲ.

ಪಾದ್ರಿ ಬೆವರು ಒರೆಸಿಕೊಂಡರು. ಭಾನುವಾರ ಉಪದೇಶದ ಕೊನೆಗೆ ಹೊಸದಾಗಿ ನಂಬಿದವರನ್ನು ಕರೆಯುವಾಗಿನ ಹಾಗೆಯೇ ದನಿ ತಗ್ಗಿ ಮೆತ್ತಗಾಯಿತು. ಬಾಯಿ ರೂಢಿಯ ದಾರಿ ಹಿಡಿಯಿತು.

ಪಾದ್ರಿ: ಎಲ್ಲರೂ ತಲೆ ತಗ್ಗಿಸಿ. ಕಣ್ಣು ಮುಚ್ಚಿ. ಅಕ್ಕಪಕ್ಕ ಯಾರೂ ನೋಡ್ಬೇಡಿ. ನಂಬಿದವರು ಸುಮ್ಮನೆ ಹೀಗೆ ಕೈ ಎತ್ತಿ.

ಕೋಚ್ ಶುಕ್ರವಾರವನ್ನು ನೆನೆದು, ತಲೆ ತಗ್ಗಿಸಿ ಕೈ ಎತ್ತಿದ.

ಪಾದ್ರಿ: ಕಂಡೆ ಸಹೋದರ, ಒಂದು ಕೈ ಕಂಡೆ. ಇನ್ನೊಬ್ಬರು ಯಾರಾದ್ರೂ ಇದೀರಾ?

ಕೋಚ್ ಒಂದು ಕಣ್ಣು ತೆರೆದ.

ಕೋಚ್: ಇದಾರೆ ಬ್ರದರ್. ನಿಮ್ಮ ಕೈಯೂ ಮೇಲೇ ಇದೆ.