ಸೊಸೆಯ ಡಬ್ಬಿಗೆ ನಾನು ಕೊಟ್ಟ ಅರ್ಧ ಸುತ್ತು

ಹೊಟ್ಟೆಕಿಚ್ಚು ಪಡಲು ಹೆಚ್ಚಿನ ಸಾಮಾನು ಬೇಕಾಗುವುದಿಲ್ಲ. ಕೂರಲು ಒಂದು ಸ್ಟೂಲು, ಕುಡಿಯಲು ಅರ್ಧ ಕಪ್ಪು ಚಹಾ, ಎದುರಿಗೆ ನಮ್ಮ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುವ ಒಬ್ಬರು, ಇಷ್ಟಿದ್ದರೆ ಸಾಕು. ಈ ಮೂರೂ ನನಗೆ ನನ್ನ ಗ್ಯಾರೇಜಿನಲ್ಲೇ ಸಿಕ್ಕಿದವು. ಎದುರಿಗಿದ್ದವಳು ನನ್ನ ಸೊಸೆ ಎಂಬುದು ಇದರಲ್ಲಿ ನಾಚಿಕೆಯ ಭಾಗ. ಪರರ ಮೇಲೆ ಕುದಿದರೆ ಅವರ ಮನೆಗೆ ಹೋಗಿ ಉಣ್ಣುವ ಪ್ರಸಂಗ ಬರುವುದಿಲ್ಲ. ನಾನು ಎರಡು ವರ್ಷ ಸೊಸೆ ಬಡಿದ ರೊಟ್ಟಿ ತಿನ್ನುತ್ತಲೇ ಅವಳ ಮೇಲೆ ಕುದಿದವನು. ರೊಟ್ಟಿ ಚೆನ್ನಾಗಿರುತ್ತಿತ್ತು, ಅದೂ ಒಂದು ಸಂಕಟವೇ.

ನಮ್ಮ ಗ್ಯಾರೇಜು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗಿದೆ. ನಾನು ಮೆಟ್ರಿಕ್ ಪಾಸಾಗಿ, ಗುಮಾಸ್ತನ ಕೆಲಸ ಸಿಗದೆ, ಕಾಲುವೆ ತೋಡುವ ಕಾಲಕ್ಕೆ ಮಣ್ಣು ಹೊರುವ ಟಿಪ್ಪರುಗಳ ಕೆಳಗೆ ಮಲಗಿ ಈ ವಿದ್ಯೆ ಕಲಿತೆ. ಕಾಲುವೆಗೆ ನೀರು ಬಂತು, ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರು ಬಂದವು, ಟ್ರ್ಯಾಕ್ಟರಿನ ಹಿಂದೆ ನಾನು ಮಿಸ್ತ್ರಿಯಾದೆ. ಆಗ ಎಂಜಿನ್ನಿನ ಡೀಸೆಲ್ ಪಂಪಿಗೆ ಒಂದು ಸ್ಕ್ರೂ ಇರುತ್ತಿತ್ತು. ಗಾಡಿ ಎಳೆಯುವುದಿಲ್ಲ ಎಂದು ಯಾರು ಬಂದರೂ ನಾನು ಕಿವಿಯನ್ನು ಎಂಜಿನ್ನಿಗೆ ಕೊಟ್ಟು, ಕಣ್ಣು ಮುಚ್ಚಿ, ಆ ಸ್ಕ್ರೂ ಅರ್ಧ ಸುತ್ತು ತಿರುವುತ್ತಿದ್ದೆ. ಆಮೇಲೆ ಗಾಡಿಯವನಿಗೆ ನೀರು ತರಲು ಹೇಳಿ, ಅವನು ಆ ಕಡೆ ಹೋದಾಗ ಅರ್ಧ ಸುತ್ತು ಹಿಂದಕ್ಕೆ ತಿರುವುತ್ತಿದ್ದೆ. ಮರುದಿನ ಅವನೇ ಬಂದು, “ಮಿಸ್ತ್ರಿ, ಏನ್ ಕೈ ಇಟ್ಟಿಯೋ, ಗಾಡಿ ಬಾಣ ಹ್ವಾದಂಗ ಹೋಗಾಕತ್ತದ” ಎನ್ನುತ್ತಿದ್ದ. ಜನರ ನಂಬಿಕೆಯಷ್ಟು ಒಳ್ಳೆಯ ಡೀಸೆಲ್ ಇನ್ನೊಂದಿಲ್ಲ.

ಹೊಸ ಗಾಡಿಗಳು ಬಂದವು, ಸ್ಕ್ರೂ ಹೋಯಿತು. ಡೀಸೆಲ್ ಎಷ್ಟು, ಗಾಳಿ ಎಷ್ಟು ಎಂಬುದನ್ನೆಲ್ಲ ಈಗ ಗಾಡಿಯೊಳಗೆ ಕೂತ ಒಂದು ಕಂಪ್ಯೂಟರು ತೀರ್ಮಾನಿಸುತ್ತದೆ. ನಾನು ಅದಕ್ಕೆ ಕಿವಿ ಕೊಟ್ಟು ನೋಡಿದೆ; ಅದು ಏನೂ ಹೇಳಲಿಲ್ಲ. ಅದೇ ಹೊತ್ತಿಗೆ ಬಳಿಚಕ್ರದಿಂದ ಶಿವಲೀಲಾ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಯಾದಗಿರಿಯಲ್ಲಿ ಮೋಟಾರು ಕೆಲಸವನ್ನೇ ಓದಿದವಳು. ನನ್ನ ಮಗ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್, ಅವನಿಗೆ ಗ್ಯಾರೇಜು ಬೇಡ, ಇವಳಿಗೆ ಬೇಕು. ಒಂದು ಲ್ಯಾಪ್‌ಟಾಪು, ಒಂದು ಅಂಗೈಯಗಲದ ನೀಲಿ ಡಬ್ಬಿ ತಂದಳು. ಡಬ್ಬಿಯ ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಗಾಡಿಯ ಸ್ಟೀರಿಂಗ್ ಕೆಳಗಿನ ಗೂಡಿಗೆ. ಸಿಕ್ಕಿಸಿದರೆ ಗಾಡಿ ತನ್ನ ಹೊಟ್ಟೆಯೊಳಗಿನ ಲೆಕ್ಕವನ್ನೆಲ್ಲ ಪರದೆಯ ಮೇಲೆ ಓಡಿಸುತ್ತದೆ.

“ನೋಡ್ರಿ ಮಾವ, ಮೊದಲ ಅಳೀಬೇಕು, ಆಮ್ಯಾಲ ಬೇಕಾದ್ರ ತಿದ್ದಬೇಕು” ಎಂದು ನನಗೂ ಕಲಿಸಲು ಕೂತಳು. “ಗಾಡಿ ಯಾವ ಸ್ಪೀಡಿನಾಗ ಮಾತಾಡ್ತದೋ ನಮ್ಮ ಡಬ್ಬಿನೂ ಅದ ಸ್ಪೀಡಿನಾಗ ಮಾತಾಡಬೇಕ್ರಿ. ಈ ಗಾಡಿಗಿ ಐದುನೂರು. ಬ್ಯಾರೆ ನಂಬರ್ ಇಟ್ರ ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗಿ ತಿಳಿಯಂಗಿಲ್ಲ.” ಪ್ರತಿ ಗಾಡಿಗೂ ಬೇರೆ ಸೆಟಿಂಗು ಮಾಡಿ, ಗಾಡಿಯ ಹೆಸರು ಕೊಟ್ಟು ಕಾಪಿಟ್ಟಿದ್ದಳು. ನಾನು ತೂಕಡಿಸುವವನಂತೆ ಕೂತು ಎಲ್ಲ ನೋಡಿಕೊಂಡೆ. ಮೆಟ್ರಿಕ್‌ನಲ್ಲಿ ಇಂಗ್ಲಿಷಿಗೆ ಮೂವತ್ತೈದೇ ಬಂದಿರಬಹುದು, ಅಂಕಿ ಓದಲು ಅಷ್ಟು ಸಾಕು.

ಕುದಿಯತೊಡಗಿದ್ದು ಗಿರಾಕಿಗಳ ಬಾಯಿಂದ. ಮೊದಲು ಗಾಡಿ ನಿಲ್ಲಿಸಿದವರು “ಮಿಸ್ತ್ರಿ ಇದ್ದೀರೇನ್ರಿ” ಎನ್ನುತ್ತಿದ್ದರು. ಬರಬರುತ್ತ “ಅಕ್ಕಾರು ಎಲ್ಲಿ ಹೋಗ್ಯಾರ” ಎನ್ನತೊಡಗಿದರು. ಅಕ್ಕಾರು ಇಲ್ಲ, ನಾನಿದ್ದೇನೆ ಎಂದರೆ, “ಇರ್ಲಿ ಬಿಡ್ರಿ, ಕೂಡ್ತೀವಿ” ಎಂದು ನನ್ನ ಪಕ್ಕದಲ್ಲೇ ಕೂತು ಬೀಡಿ ಹಚ್ಚುತ್ತಿದ್ದರು. ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿ, “ಹೊಲದಾಗ ಬೆದರುಗೊಂಬಿಗಿ ಸೈತ ಹಕ್ಕಿ ಅಂಜ್ತಾವ, ನಿಮಗ್ಯಾರು ಅಂಜಬೇಕ್ರಿ” ಎಂದಳು. ಸಮಾಧಾನ ಹೇಳುವುದರಲ್ಲಿ ಅವಳು ಮೊದಲಿನಿಂದಲೂ ಹೀಗೆಯೇ.

ಹೀಗಿರುವಾಗ ಅಕ್ಕಿ ಗಿರಣಿಯ ಗುರುಲಿಂಗಪ್ಪ ಸಾಹುಕಾರರು ಹೇಳಿ ಕಳಿಸಿದರು. ಅವರಿಗೆ ಹನ್ನೊಂದು ಪಿಕಪ್ ಗಾಡಿಗಳು. ಒಂದು ಗಾಡಿ ಲೋಡು ಹಾಕಿದರೆ ಕಾಲುವೆಯ ಏರಿ ಹತ್ತದೆ ಏದುಸಿರು ಬಿಡುತ್ತದೆ; ಅದನ್ನು ಸರಿಮಾಡಿದರೆ ಹನ್ನೊಂದರ ಕೆಲಸವೂ ನಮಗೇ. ಶಿವಲೀಲಾ ಆ ವಾರ ಮನೆಯಲ್ಲಿ ಸ್ಪಷ್ಟವಾಗಿ ಹೇಳಿದ್ದಳು: ಬಿಡಿ ಗಿರಾಕಿಗಳಿಂದ ಗ್ಯಾರೇಜು ನಡೆಯುವುದಿಲ್ಲ, ಈ ಕೆಲಸ ಸಿಗದಿದ್ದರೆ ತಾನು ಕಡೇಚೂರಿನ ಕಾರ್ಖಾನೆಗೆ ಪಾಳಿಯ ಕೆಲಸಕ್ಕೆ ಹೋಗುವುದೇ ಸೈ, ಅರ್ಜಿ ಬರೆದಿಟ್ಟಾಗಿದೆ. ನನಗೆ ಇದೆಲ್ಲ ಕೇಳಿಸಿತ್ತು. ಆದರೆ ಕಿವಿಯಿಂದ ತಲೆಗೆ ಹೋಗುವ ದಾರಿಯಲ್ಲಿ ಹೊಟ್ಟೆಕಿಚ್ಚು ಕೂತಿತ್ತು.

ಸಾಹುಕಾರರು ಬರುವ ದಿನ ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋದಳು. ನಾನು ಸ್ಟೂಲಿನಿಂದ ಎದ್ದೆ. ಕೆಡಿಸಬೇಕೆಂದಿರಲಿಲ್ಲ, ದೇವರಾಣೆ. ಸಾಹುಕಾರರ ಎದುರಿಗೆ ಡಬ್ಬಿ ಒಂದು ಗಳಿಗೆ ಮೂಕಾಗಲಿ, ಅವಳು “ಮಾವ, ನೀವ ನೋಡ್ರಿ” ಎನ್ನಲಿ, ನಾನು ಎದ್ದು ಹೋಗಿ ಬೆರಳು ತೋರಿಸಲಿ, ಅಷ್ಟೇ ಆಸೆ. ಆ ಗಾಡಿಗೆಂದು ಅವಳು ಬೆಳಿಗ್ಗೆಯೇ ಹೆಸರು ಕೊಟ್ಟು ಮಾಡಿಟ್ಟಿದ್ದ ಸೆಟಿಂಗು ತೆರೆದೆ. ಸ್ಪೀಡಿನ ಜಾಗದಲ್ಲಿ ಐದುನೂರು ಇತ್ತು. ಕೆಳಗೆ ಪಟ್ಟಿಯಲ್ಲಿ ಇನ್ನೂ ಹಲವು ಅಂಕಿಗಳಿದ್ದವು. ಎಷ್ಟಾದರೂ ಹಳೆಯ ಕೈ. ಅರ್ಧ ಸುತ್ತಿಗಿಂತ ಹೆಚ್ಚು ತಿರುವಿದ್ದು ಗೊತ್ತಿಲ್ಲ. ಎರಡುನೂರ ಐವತ್ತು ಇಟ್ಟು, ಕಾಪಿಡುವ ಗುಂಡಿ ಒತ್ತಿ, ಮತ್ತೆ ಸ್ಟೂಲಿನ ಮೇಲೆ ಕೂತು ತೂಕಡಿಸಿದೆ.

ಸಾಹುಕಾರರು ತಾವೇ ಗಾಡಿ ಓಡಿಸಿಕೊಂಡು ಬಂದರು. ಶಿವಲೀಲಾ ಡಬ್ಬಿ ಸಿಕ್ಕಿಸಿದಳು. ಡಬ್ಬಿ ಮೂಕಾಗುತ್ತದೆ ಎಂದುಕೊಂಡಿದ್ದೆನಲ್ಲ, ಅದು ಮೂಕಾಗಲಿಲ್ಲ. ಗಾಡಿಯೊಳಗೆ ತನ್ನ ಭಾಷೆಯಲ್ಲಿ ಕೂಗಾಡಿ, ಗಾಡಿಯ ಭಾಗಗಳು ತಮ್ಮತಮ್ಮಲ್ಲಿ ಆಡುವ ಮಾತನ್ನೂ ಕೆಡಿಸಿತು. ಡ್ಯಾಶ್‌ಬೋರ್ಡಿನ ದೀಪಗಳು ಕೆಂಪು, ಹಳದಿ ಎಲ್ಲ ಒಟ್ಟಿಗೆ ಹತ್ತಿದವು, ಮೀಟರಿನ ಮುಳ್ಳುಗಳು ಸೊನ್ನೆಗೆ ಬಿದ್ದವು.

“ಏನವಾ ಇದು, ನಡಿಯೋ ಗಾಡಿ ತಂದೀನಿ ನಾ” ಎಂದರು ಸಾಹುಕಾರರು.

“ಒಂದ್ ನಿಮಿಷ ಇರ್ರಿ ಸಾವ್ಕಾರ್ರೆ.” ಅವಳು ಡಬ್ಬಿ ಕಿತ್ತಳು, ವಾಯರು ನೋಡಿದಳು, ಪಿನ್ನು ಒರೆಸಿದಳು, ಫ್ಯೂಸು ನೋಡಿದಳು, ಮತ್ತೆ ಸಿಕ್ಕಿಸಿದಳು. ಮತ್ತೆ ದೀಪಾವಳಿ. ನನ್ನ ಕಡೆ ಅವಳು ಒಮ್ಮೆಯೂ ನೋಡಲಿಲ್ಲ. ನಾನು ಎರಡು ಸಲ ಕೆಮ್ಮಿದೆ.

“ಸೆಟಿಂಗ್ ಏನರ ತಪ್ಪ್ಯಾದೇನು ನೋಡವ್ವ” ಎಂದೆ ಕೊನೆಗೆ.

“ಇಲ್ರಿ ಮಾವ. ಅದು ನಾನ ಇಟ್ಟಿದ್ದು. ನಮ್ಮ ಅಂಗಡ್ಯಾಗ ಅದನ್ನ ಮುಟ್ಟೋರು ಯಾರದಾರ.”

ಅರ್ಧ ಗಂಟೆಯಾಯಿತು. ಅವಳ ಹಣೆಯ ಬೆವರು ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ನಾನು ಎದ್ದು ಹೋಗಿ ಸೆಟಿಂಗು ತೆರೆಸಿ, “ಇಲ್ಲಿ ಎರಡುನೂರ ಐವತ್ತು ಅದಲ್ಲ, ಐದುನೂರು ಬೇಕಲ್ಲ” ಎಂದು ಬೆರಳು ಇಟ್ಟೆ. ಅವಳು ತಿದ್ದಿದಳು. ಡಬ್ಬಿ ಮಾತಾಡಿತು, ಅಂಕಿಗಳು ಓಡತೊಡಗಿದವು.

ಸಾಹುಕಾರರು ನನ್ನ ಬೆನ್ನು ತಟ್ಟಿದರು. “ಮಿಸ್ತ್ರಿ ಅಂದ್ರ ಇವ ನೋಡು. ಕೂತಲ್ಲೇ ಕೂತು ಹಿಡದಾನ. ಹೆಣ್ಮಗಳಿಗಿ ಮನಿ ಕೆಲಸ ಇರ್ಲಿ ಬಿಡು. ನನ್ನ ಹನ್ನೊಂದೂ ಗಾಡಿ ನೀನ ನೋಡು.”

ನಾನು ಕೇಳಿಕೊಂಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಶಿವಲೀಲಾ, “ಖರೇ ಅದರಿ ಸಾವ್ಕಾರ್ರೆ. ನಾನ ತಪ್ಪಿಟ್ಟೀನಿ ಕಾಣ್ತದ. ಮಾವನ ಕಣ್ಣಿಗಿ ಬಿತ್ತು, ಪುಣ್ಯ” ಎಂದು ಡಬ್ಬಿಯ ವಾಯರು ಸುತ್ತಿ ಚೀಲಕ್ಕೆ ಹಾಕತೊಡಗಿದಳು. ದಿನಾ ಅವಸರದಲ್ಲಿ ತುರುಕುವವಳು ಅವತ್ತು ನಿಧಾನವಾಗಿ, ಇನ್ನು ತೆಗೆಯುವುದಿಲ್ಲ ಎನ್ನುವಂತೆ ಸುತ್ತುತ್ತಿದ್ದಳು. ಕಡೇಚೂರಿನ ಅರ್ಜಿ ನನ್ನ ತಲೆಗೆ ಬಂದು ಮುಟ್ಟಿದ್ದು ಆಗ. ಹನ್ನೊಂದು ಗಾಡಿಗಳು, ಅವುಗಳ ಎದುರಿಗೆ ಕಿವಿ ಕೊಟ್ಟು ನಿಂತ ನಾನು; ಆ ಚಿತ್ರವೂ ಜೊತೆಗೇ ಬಂತು. ಪಶ್ಚಾತ್ತಾಪದಲ್ಲಿ ಹೆದರಿಕೆಯೂ ಸ್ವಲ್ಪ ಬೆರೆತಿತ್ತೆಂದು ಹೇಳದಿದ್ದರೆ ಈ ತಪ್ಪೊಪ್ಪಿಗೆಯೂ ಅರ್ಧವೇ ಆಗುತ್ತದೆ.

“ಸಾವ್ಕಾರ್ರೆ, ಆಕಿ ತಪ್ಪಿಟ್ಟಿಲ್ರಿ. ಆಕಿ ಉಣ್ಣಾಕ ಹೋದಾಗ ನಾನ ತಿರುವೀನಿ.”

ವಾಯರು ಸುತ್ತುವ ಕೈ ನಿಂತಿತು. ಸಾಹುಕಾರರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಸೊಸಿ ಡಬ್ಬಿಗೇ ಹಿಂಗ ಮಾಡಿದವ, ನನ್ನ ಹಳೇ ಟ್ರ್ಯಾಕ್ಟರಿನ ಪಂಪಿಗೆ ಏನೇನ್ ಮಾಡಿದ್ದೀಯೋ ಮಾರಾಯ.”

“ಅದಕ್ಕ ಏನೂ ಮಾಡಿಲ್ರಿ” ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚುವುದು ಕಷ್ಟ. “ಇಪ್ಪತ್ತು ವರ್ಷ ಏನೂ ಮಾಡಿಲ್ರಿ.”

ಶಿವಲೀಲಾ ಆ ಕಡೆ ತಿರುಗಿ ಸೆರಗನ್ನು ಬಾಯಿಗೆ ಹಿಡಿದಳು. ಅಳುತ್ತಿದ್ದಾಳೆಂದುಕೊಂಡೆ; ನೋಡಿದರೆ ನಗುವಿಗೆ ಭುಜ ಕುಲುಕುತ್ತಿತ್ತು. ನಗು ಮುಗಿಸಿ, ಕಣ್ಣೊರೆಸಿಕೊಂಡು, “ಮಾವ, ರಾತ್ರಿ ನಿಮ್ಮ ರೊಟ್ಟಿ ನೀವ ಬಡಕೋರಿ” ಎಂದಷ್ಟೇ ಹೇಳಿ ಮತ್ತೆ ವಾಯರು ಬಿಚ್ಚಿದಳು. ಎಂಜಿನ್ನು ಜೋರು ಮಾಡಿ ಪರದೆ ನೋಡಿದಳು. ಗಾಳಿಯ ಒತ್ತಡದ ಅಂಕಿ ಏರಬೇಕಾದಲ್ಲಿ ಏರುತ್ತಿರಲಿಲ್ಲ. ಬಾನೆಟ್ಟಿನೊಳಗೆ ಮೊಳಕೈತನಕ ಕೈ ಹಾಕಿ ತಡಕಾಡಿ, ಗಾಳಿ ಹೋಗುವ ರಬ್ಬರ್ ಪೈಪು, ಅದನ್ನು ಬಿಗಿದ ಕಬ್ಬಿಣದ ಪಟ್ಟಿಯ ಕೆಳಗೆ ಹರಿದಿದ್ದನ್ನು ತೋರಿಸಿದಳು.

“ಹಂಗಾದ್ರ ಜರಾ ಕಂಪ್ಯೂಟರಿನಾಗ ಜೋರ್ ಮಾಡಿ ಕೊಟ್ಟುಬಿಡವ” ಎಂದರು ಸಾಹುಕಾರರು.

“ಗಾಡಿ ಲೆಕ್ಕ ಸರಿ ಅದರಿ. ಹರದಿದ್ದು ಪೈಪು. ಪೈಪ್ ಬದಲ್ ಮಾಡ್ತೀನಿ, ಲೆಕ್ಕ ಮುಟ್ಟಂಗಿಲ್ಲ.”

ಆ ಮಾತಿಗೇ ಸಾಹುಕಾರರು ಹನ್ನೊಂದೂ ಗಾಡಿಗಳನ್ನು ಕೊಟ್ಟರು ಎಂದು ನನ್ನ ನಂಬಿಕೆ. ಕರಾರು ಬರೆದುಕೊಡಿ ಎಂದರು. ಅವಳ ಕೈಯೆಲ್ಲ ಗ್ರೀಸು. “ಮಾವ, ನೀವ ಬರೀರಿ. ನಿಮ್ಮ ಅಕ್ಷರ ಛಲೋ ಅದಾವ” ಎಂದಳು. ಸಾಹುಕಾರರು ಹೇಳಿದರು, ನಾನು ಬರೆದೆ: ಗಾಡಿಗಳ ಕೆಲಸವನ್ನು ಶಿವಲೀಲಾ ಅವರೇ ಮಾಡತಕ್ಕದ್ದು. ಕೆಲಸ ನಡೆಯುವಾಗ ಅವರ ಮಾವನವರು ಗಾಡಿಯಿಂದ ಹತ್ತು ಹೆಜ್ಜೆ ದೂರ ಇರತಕ್ಕದ್ದು.

“ಮಾವ ಅಂತ ಬರದ್ರ ನಡಿಯಂಗಿಲ್ಲ, ಹೆಸರು ಬರಿ” ಎಂದರು. ಹೆಸರು ಬರೆದೆ, ತಂದೆಯ ಹೆಸರನ್ನೂ ಸೇರಿಸಿದೆ. ಅವರು ಸಹಿ ಹಾಕಿದರು, ಸೊಸೆ ಸಹಿ ಹಾಕಿದಳು. ಸಾಕ್ಷಿಗೆ ಒಬ್ಬರು ಬೇಕಿತ್ತು. ಅಂಗಡಿಯಲ್ಲಿ ಮತ್ತಾರೂ ಇರಲಿಲ್ಲವಾದ್ದರಿಂದ, ಹತ್ತು ಹೆಜ್ಜೆ ದೂರ ಹೋಗುವ ಮೊದಲು ಆ ಸಹಿಯನ್ನೂ ನಾನೇ ಹಾಕಿಕೊಟ್ಟೆ.