ಹಾಲಿನ ರೊಕ್ಕದ ಪಾಲಿಸಿ

"ಹಾಲಿನ ರೊಕ್ಕ ಬ್ಯಾಂಕಿನ್ಯಾಗ ಐತಿ. ಕೇಳಾಕ ನಾಚಬ್ಯಾಡ್ರಿ."

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಆಂಧ್ರದ ಆದೋನಿಯ ಆಸ್ಪತ್ರೆ. ಇನ್ನೂ ಬೆಳಕು ಹರಿದಿರಲಿಲ್ಲ. ಬೇರೆಯವರು ದೇವರ ಹೆಸರು ಹೇಳಿ ಹೋಗುತ್ತಾರಂತೆ. ನನ್ನಾಕಿ ಬ್ಯಾಂಕಿನ ಹೆಸರು ಹೇಳಿ ಹೋದಳು.

ನಾನು ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವನು. ಓದಿದ್ದು ಮೂರನೇ ಕ್ಲಾಸು. ಬ್ಯಾಂಕಿಗೆ ಹೋಗುವ ನಮ್ಮಂಥವರಿಗೆ ಇಂಥವು ಆಗುತ್ತಲೇ ಇರುತ್ತವೆ. ಮನೆಗೆ ಬಂದು ಬಾಯಿ ಮುಚ್ಚಿಕೊಂಡು ಕೂರುತ್ತೇವೆ. ನಾನು ಒಂದು ಸಲ ಬಾಯಿ ಬಿಟ್ಟೆ. ಅದನ್ನೇ ಬರೆದಿದ್ದೇನೆ.

೧. ಮಣ್ಣಿಗೆ ಕರೆಯಲಿಲ್ಲ

ಹನ್ನೊಂದು ವರ್ಷ ಹಾಲು ಮಾರಿ ಆಕಿ ಒಂದು ಲಕ್ಷ ಕೂಡಿಸಿದ್ದಳು. ಎಫ್.ಡಿ. ಮಾಡಿಸೀನಿ ಅಂತ ಒಂದು ಬಾಂಡು ತಂದು ಟ್ರಂಕಿನಲ್ಲಿ ಇಟ್ಟಿದ್ದಳು. ಆಕಿ ಹೋಗಿ ಹದಿನೈದು ದಿನಕ್ಕೆ ಅದನ್ನು ತಗೊಂಡು ಬ್ಯಾಂಕಿಗೆ ಹೋದೆ.

ಮ್ಯಾನೇಜರ್ ತಿರುವಿ ನೋಡಿದ. "ಇದು ಎಫ್.ಡಿ. ಅಲ್ಲ ತಾತಾ. ಇನ್ಸೂರೆನ್ಸ್ ಪಾಲಿಸಿ. ವರ್ಷಾ ವರ್ಷಾ ಲಕ್ಷ ಕಟ್ಟಬೇಕಿತ್ತು. ಎರಡನೇ ವರ್ಷ ಕಟ್ಟಿಲ್ಲ. ಪಾಲಿಸಿ ಸತ್ತೈತಿ. ಏನೂ ಬರಂಗಿಲ್ಲ."

ಅವನ ಮೇಜು ಹಿಡಕೊಂಡೆ. "ಯಾವಾಗ ಸತ್ತಿತು ಸಾರ್?"

"ಆರು ತಿಂಗಳಾತು."

"ಒಂದು ಮಾತು ಹೇಳಿ ಕಳಿಸಿದ್ರ ಮಣ್ಣಿಗರ ಬರ್ತಿದ್ವಲ್ಲ ಸಾರ್" ಅಂದೆ.

೨. ಬಿ.ಕಾಂ. ಓದಿದಾಕಿ

ನಮ್ಮ ಓಣಿಯಲ್ಲಿ ರಿಟೈರ್ ಆದ ಕನ್ನಡ ಮೇಷ್ಟ್ರು ಒಬ್ಬರು ಇದ್ದಾರೆ. ಪಾಲಿಸಿ ಜೊತೆ ಇದ್ದ ಫಾರಮ್ಮನ್ನು ಅವರು ಓದಿ ಹೇಳಿದರು.

"ವಿದ್ಯಾಭ್ಯಾಸ, ಬಿ.ಕಾಂ."

"ಯಾರದು?"

"ನಿನ್ನ ಹೆಂಡ್ತಿದಪ್ಪಾ. ವರ್ಷದ ಆದಾಯ ಎಂಟು ಲಕ್ಷ."

ನಾನು ಬಗ್ಗಿ ನೋಡಿದೆ. ಫಾರಮ್ಮಿನ ಕೆಳಗೆ ಆಕಿಯ ಹೆಬ್ಬೆಟ್ಟು ಇತ್ತು. ಅದೊಂದೇ ನಿಜ. ಸಗಣಿ ಬಳಿದೂ ಬಳಿದೂ ಗೆರೆ ಸವೆದ ಹೆಬ್ಬೆಟ್ಟು. ಉಳಿದದ್ದೆಲ್ಲ ಬ್ಯಾಂಕಿನವರು ತುಂಬಿದ್ದು.

"ವಯಸ್ಸು ನಲವತ್ತೈದು ಅಂತ ಹಾಕ್ಯಾರ" ಅಂದರು ಮೇಷ್ಟ್ರು. "ನಿಮ್ಮ ಮದುವಿ ಆಗಿ ಎಷ್ಟಾತು?"

"ನಲವತ್ತು ವರ್ಷ."

ಮೇಷ್ಟ್ರು ಬೆರಳು ಎಣಿಸಿ ನನ್ನ ಮುಖ ನೋಡಿದರು. "ಬ್ಯಾಂಕಿನವರನ್ನ ಆಮ್ಯಾಲೆ ಹಿಡೀತಾರ. ಮೊದಲು ನಿನ್ನ ಹಿಡೀತಾರ."

೩. ಪೆಟ್ಟಿಗೆ

ಮೇಷ್ಟ್ರು ಒಂದು ದೂರು ಬರೆದುಕೊಟ್ಟರು. ಮೋಸ ಮಾಡಿ ಹೆಬ್ಬೆಟ್ಟು ಒತ್ತಿಸಿಕೊಂಡಾರ, ರೊಕ್ಕ ವಾಪಸ್ ಕೊಡ್ರಿ, ಅಷ್ಟೇ. ಬ್ಯಾಂಕಿನ ಗೋಡೆಗೆ ದೂರಿನ ಪೆಟ್ಟಿಗೆ ಇತ್ತು. ಹಾಕಿದೆ. ಹೋಗಲಿಲ್ಲ. ಮಡಚಿ ಹಾಕಿದೆ. ಆಗಲೂ ಹೋಗಲಿಲ್ಲ.

ಚಾ ತರುವ ಅಟೆಂಡರ್ ಹೇಳಿದ, "ಅದು ತುಂಬೈತಿ. ಬೀಗದ ಕೈ ಕಳೆದು ನಾಕು ವರ್ಷ ಆತು."

"ಯಾರೂ ಕೇಳಿಲ್ಲೇನು?"

"ಯಾಕ ಕೇಳಿಲ್ಲ? ಕೀಲಿ ಕಳೆದೈತಿ ಅಂತ ಒಬ್ಬರು ದೂರು ಬರೆದು ಹಾಕಿದ್ರು. ಅದೂ ಒಳಗೇ ಐತಿ."

೪. ಪೆನ್ನು

ದೂರನ್ನು ಮ್ಯಾನೇಜರ್ ಕೈಗೇ ಕೊಟ್ಟೆ. ಓದಿದ. ಎದ್ದು ಗಾಜಿನ ಬಾಗಿಲು ಹಾಕಿದ. ಬಂದೂಕಿನ ವಾಚ್‌ಮನ್‌ನನ್ನು ಕರೆದು ನನ್ನ ಹಿಂದೆ ನಿಲ್ಲಿಸಿದ.

"ಸ್ಟಾಫಿಗೆ ಅಡ್ಡಿ ಮಾಡಿದಿ ಅಂತ ಪೊಲೀಸ್ ಕೇಸ್ ಹಾಕಿಸ್ತೀನಿ. ನಿನ್ನ ಹೆಂಡ್ತಿ ಫೋನಿನ್ಯಾಗ ಎಲ್ಲಾ ಒಪ್ಪಿಕೊಂಡಾಳ. ಕರ್ನೂಲು ಇನ್ಸೂರೆನ್ಸ್ ಆಫೀಸಿನ್ಯಾಗ ರೆಕಾರ್ಡ್ ಐತಿ. ತಗಾ ಪೆನ್ನು. ನಂದೇ ತಪ್ಪು, ದೂರು ಇಲ್ಲ ಅಂತ ಇಲ್ಲಿ ಸಹಿ ಮಾಡು."

ಪೆನ್ನು ಕೈಯಲ್ಲಿ ಹಿಡಿದೆ. ಪೊಲೀಸರ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ಆಕಿ ನಿಜವಾಗಿ ಒಪ್ಪಿಕೊಂಡಿದ್ದರೆ? ನನಗೆ ಹೇಳದೆ ಒಪ್ಪಿಕೊಂಡಿದ್ದರೆ?

"ರೆಕಾರ್ಡ್ ಕೇಳಿ ಬಂದು ಮಾಡ್ತೀನಿ ಸಾರ್" ಅಂತ ಪೆನ್ನು ಇಟ್ಟು ಎದ್ದೆ. ಅವ ಬಯ್ಯುತ್ತಲೇ ಇದ್ದ.

ವಾಚ್‌ಮನ್ ನನ್ನ ತೋಳು ಹಿಡಿದು ಹೊರಗೆ ತಂದ. ಮೆಟ್ಟಿಲ ಮೇಲೆ ಪಿಸುಗುಟ್ಟಿದ, "ತಾತಾ, ಸಹಿ ಮಾತ್ರ ಮಾಡಬ್ಯಾಡ. ನಮ್ಮವ್ವಗೂ ಇಂಥದೇ ಒಂದು ಕಟ್ಟ್ಯಾರ."

"ಮತ್ತ ನೀ ಕೇಳಬೇಕಿಲ್ಲೇನು? ಕೈಯಾಗ ಬಂದೂಕ ಐತಿ!"

"ಗುಂಡು ಕೊಟ್ಟಿಲ್ಲ ತಾತಾ" ಅಂದ.

೫. ಕರ್ನೂಲಿನಲ್ಲಿ ಕೇಳಿದ್ದು

ಬಸ್ಸಿನಲ್ಲಿ ನೀರೂ ಕುಡಿಯಲಿಲ್ಲ. ಆಫೀಸಿನಲ್ಲಿ ಒಬ್ಬಳು ಹುಡುಗಿ ನನ್ನ ಕಾಗದ ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ ರೆಕಾರ್ಡ್ ಹಚ್ಚಿದಳು.

"ಹಲೋ, ಯಾರಪ್ಪಾ?"

ನನ್ನಾಕಿಯ ದನಿ. ಒಂದೂವರೆ ತಿಂಗಳ ಮೇಲೆ. ನಾನು ಕುರ್ಚಿ ಬಿಟ್ಟು ಎದ್ದುಬಿಟ್ಟೆ.

ಕಂಪನಿಯ ಹುಡುಗ ತೆಲುಗಿನಲ್ಲಿ ಗಡಗಡ ಓದಿದ. ವರ್ಷಾ ವರ್ಷಾ ಲಕ್ಷ ಕಟ್ಟಬೇಕು, ಹತ್ತು ವರ್ಷ, ಗೊತ್ತಲ್ಲ ಮೇಡಂ?

ಆಕಿ ಹೂಂ ಅಂದರೆ ಎಲ್ಲಾ ಮುಗೀತು.

"ಏ ತಡಿಯಪ್ಪಾ, ಕರ ಬಿಚ್ಚಿಕೊಂಡೈತಿ! ಹಾಲೆಲ್ಲಾ ಕುಡದುಬಿಡತೈತಿ!" ಧಪ್ ಅಂತ ಸದ್ದು. ಫೋನು ಎಮ್ಮಿ ಮೇವು ತಿನ್ನೋ ಗ್ವಾದಲಿ ಮೇಲೆ ಇಟ್ಟು ಆಕಿ ಓಡಿದ್ದಳು.

ಹುಡುಗ ನಿಲ್ಲಿಸಲಿಲ್ಲ. "ಷರತ್ತೆಲ್ಲಾ ಅರ್ಥ ಆತಾ ಮೇಡಂ?"

ಎಮ್ಮಿ, "ಆಂಯ್."

"ನಿಮ್ಮ ಇಷ್ಟದಿಂದಲೇ ತಗೊಂಡೀರಲ್ಲಾ?"

ಎಮ್ಮಿ ಇನ್ನೂ ಜೋರಾಗಿ, "ಆಂಯ್."

"ಥ್ಯಾಂಕ್ಯೂ ಮೇಡಂ. ಎಲ್ಲಾ ಓಕೆ."

ಅವನು ಇಡುವುದರೊಳಗೆ ಆಕಿ ಏದುಸಿರು ಬಿಡುತ್ತಾ ಬಂದಳು. "ಅದಿಯೇನಪ್ಪಾ? ಅದೇನೋ ಲಕ್ಷ ಲಕ್ಷ ಅಂದಿ. ನಂದು ಎಫ್.ಡಿ. ಐತಿ. ಬ್ಯಾರೆ ಏನೂ ಬ್ಯಾಡ. ನಮ್ಮನ್ಯಾರು ಬಂದ ಮ್ಯಾಲೆ ಮಾಡು. ಊಟ ಆತೇನು ನಿಂದು?"

ಕಟ್ ಆಯಿತು.

ಹುಡುಗಿ ನಗುತ್ತಿದ್ದಳು. ನನ್ನ ಮುಖ ನೋಡಿ ನಿಲ್ಲಿಸಿದಳು. "ಕಾಪಿ ಕೊಡಾಕ ರೂಲ್ಸ್ ಇಲ್ಲ ತಾತಾ" ಅಂದಳು. ನನ್ನ ಬಟನ್ ಫೋನು ಇಸಕೊಂಡು ಏನೋ ಒತ್ತಿ ಮೇಜಿನ ಮೇಲೆ ಇಟ್ಟಳು. ರೆಕಾರ್ಡ್ ಮತ್ತೆ ಹಚ್ಚಿದಳು. ಹಚ್ಚಿ, "ನಾ ಚಾ ಕುಡದು ಬರ್ತೀನಿ" ಅಂತ ಎದ್ದು ಹೋದಳು.

ಹೋಗುವಾಗ ಬಾಗಿಲಲ್ಲಿ ತಿರುಗಿ, "ಕೆಮ್ಮಬ್ಯಾಡ್ರಿ ಮತ್ತ" ಅಂದಳು.

೬. ಮರುದಿನ ಬೆಳಿಗ್ಗೆ

ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿಗೆ ಹೋದೆ. ಪಿಂಚಣಿಯವರ ಸಾಲು ಬಾಗಿಲ ತನಕ ಇತ್ತು. ಕೌಂಟರಿನ ಮೇಲೆ ಫೋನು ಇಟ್ಟೆ. ಅಗ್ಗದ ಫೋನು, ಆದರೆ ಗಂಟಲು ದೊಡ್ಡದು. ಬಟನ್ ಒತ್ತಿದೆ.

ಮೊದಲು ಯಾರಿಗೂ ತಿಳಿಯಲಿಲ್ಲ. ಎಮ್ಮಿ ಒಂದು ಸಲ ಒದರಿತು. ಹಿಂದೆ ಯಾರೋ ಕಿಸಕ್ಕೆಂದರು. ಎರಡನೇ ಸಲ ಒದರಿದಾಗ ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. ಕ್ಯಾಶಿಯರ್ ನೋಟು ಎಣಿಸುವುದು ಬಿಟ್ಟ. ವಾಚ್‌ಮನ್ ಗೋಡೆ ಕಡೆ ತಿರುಗಿ ನಿಂತ, ಹೆಗಲು ಕುಣಿಯುತ್ತಿತ್ತು.

ಒಬ್ಬ ಮುದುಕಿ ಸೊಂಟದ ಚೀಲದಿಂದ ತನ್ನ ಬಾಂಡು ತೆಗೆದಳು. "ನಂದೂ ಎಫ್.ಡಿ. ಅಂದಿದ್ರಲ್ಲೋ! ನನ್ನ ಪರವಾಗಿ ಯಾವುದು ಒದರೈತಿ? ನಮ್ಮನ್ಯಾಗ ಎಮ್ಮಿನೂ ಇಲ್ಲ, ಬರೀ ಕೋಳಿ ಅದಾವು!"

ಅವಳ ಹಿಂದಿನಾಕೆಯೂ ತೆಗೆದಳು. ಅವಳ ಹಿಂದೆ ಇನ್ನೊಬ್ಬ.

ಮ್ಯಾನೇಜರ್ ಗಾಜಿನ ಬಾಗಿಲು ತೆಗೆದು ಓಡಿ ಬಂದ. ಮುಖ ಸುಣ್ಣ ಆಗಿತ್ತು. "ತಾತಾ, ಆಫ್ ಮಾಡು. ಒಳಗ ಬಾ. ತಪ್ಪು ನಮ್ಮದು ಅಂತ ಬರೆದುಕೊಡ್ತೀನಿ. ನಿನ್ನ ರೊಕ್ಕ ಇವತ್ತೇ ವಾಪಸ್ ಕಳಿಸ್ತೀನಿ. ಮೊದಲು ಅದನ್ನ ಆಫ್ ಮಾಡು!"

ಅವನು ಫೋನಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದೆ.

"ತಡೀರಿ ಸಾರ್" ಅಂದೆ. "ಊಟ ಆತೇನು ಅಂತ ಆಕಿ ಇನ್ನಾ ಕೇಳಿಲ್ಲ."