ಮಧ್ಯವರ್ತಿಯಿಲ್ಲದ ಚಪ್ಪಡಿ

ತೊಂದರೆ ಶುರುವಾದದ್ದು ಒಂದು ಫೋಟೊದಿಂದ. ಚರಂಡಿಯ ಮೇಲಿನ ಮುರಿದ ಚಪ್ಪಡಿಯ ಬಗ್ಗೆ ಅವಳು ಪುರಸಭೆಯ ಆ್ಯಪಿಗೆ ಹೋದ ವಾರವೇ ದೂರು ಹಾಕಿದ್ದಳು. ಈ ಬೆಳಗ್ಗೆ ಉತ್ತರ ಬಂತು: ‘ಫೋಟೊ ಸ್ಪಷ್ಟವಾಗಿಲ್ಲ, ಮತ್ತೆ ಕಳಿಸಿ. ಇಂದೇ ಸ್ಥಳ ಪರಿಶೀಲನೆ.’

ಮಹಡಿಯ ಬಾಡಿಗೆ ಕೋಣೆಯ ಈ ವಿದ್ಯಾರ್ಥಿನಿಯನ್ನು ಬೀದಿಯವರು ‘ರಿಸರ್ಚು’ ಎಂದು ಕರೆಯುತ್ತಿದ್ದರು. ಅಭಿವೃದ್ಧಿಶೀಲ ದೇಶಗಳಲ್ಲಿ ತಂತ್ರಜ್ಞಾನ ಬಂದ ಮೇಲೆ ರಾಜಕೀಯದಿಂದ ಮಧ್ಯವರ್ತಿ ಮಾಯವಾಗುತ್ತಾನೆ ಎಂಬುದು ಅವಳ ಪ್ರಬಂಧದ ವಾದ. ಗೈಡು ಈ ಬೆಳಗ್ಗೆಯೇ ಹೇಳಿಬಿಟ್ಟಿದ್ದರು: “ಎಲ್ಲಾ ಪುಸ್ತಕದ್ದೇ ಆಯ್ತಲ್ಲಮ್ಮ. ನೀನೇ ಕಂಡದ್ದು ಒಂದು ತೋರಿಸು. ಆ್ಯಪಲ್ಲಿ ‘ಪರಿಹಾರವಾಗಿದೆ’ ಅಂತ ಬಂದಿದ್ದು ಒಂದು. ವಿಚಾರ ಸಂಕಿರಣದಲ್ಲಿ ಪ್ರಬಂಧ ಓದೋಕೆ ಉಳಿದಿರೋದು ಒಂದೇ ಜಾಗ, ಇವತ್ತು ಸಂಜೆವರೆಗೂ ನಿನಗೆ ಇಟ್ಟಿರ್ತೀನಿ.”

ಯಾರ ಕಣ್ಣಿಗೂ ಬೀಳಬಾರದೆಂದು ಹಾಲು ಕದ್ದ ಬೆಕ್ಕಿನಂತೆ ಕೆಳಗಿಳಿದು ಅವಳು ಫೋನು ಎತ್ತಿದಳು. ಕಿಟಕಿಯಲ್ಲಿ ಮನೆ ಓನರಮ್ಮ ಪ್ರತ್ಯಕ್ಷರಾದರು.

“ಏನೇ ರಿಸರ್ಚು, ಚರಂಡಿಗೆ ಫೋಟೊ ತೆಗೀತಿದೀಯಾ? ಅದಕ್ಕೇನು ಗಂಡು ಹುಡುಕ್ತಿದೀಯಾ?”

ತಡವರಿಸುತ್ತಲೇ ಅವಳು ಆ್ಯಪಿನ ವಿಷಯ ಹೇಳಿದಳು.

“ಸೀದಾ ಸರ್ಕಾರಕ್ಕೇ ಹೋಗುತ್ತಾ? ಮತ್ತೆ ಬರೀ ಚರಂಡಿ ಕಳಿಸಿದ್ರೆ ಯಾರು ನೋಡ್ತಾರೆ? ಅದರೊಳಗೆ ಬಿದ್ದು ಕಾಲು ಉಳುಕಿಸ್ಕೊಂಡೋಳು ನಾನು. ತಡಿ, ನಾನೂ ನಿಂತ್ಕೋತೀನಿ.”

ಓನರಮ್ಮ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಬರುವಷ್ಟರಲ್ಲಿ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಇಸ್ತ್ರಿಯವನು ಗಿರಾಕಿಯ ಅಂಗಿಯನ್ನೇ ತೊಟ್ಟು ಬಂದ. ನಿವೃತ್ತ ಮೇಷ್ಟ್ರಿಗೆ ಶಿಸ್ತಿಲ್ಲದ್ದು ಕಂಡರೆ ಆಗದು. ಎತ್ತರದವರನ್ನು ಹಿಂದೆ, ಗಿಡ್ಡನೆಯವರನ್ನು ಮುಂದೆ ನಿಲ್ಲಿಸಿ, ‘ನಮಗೆ ಚಪ್ಪಡಿ ಬೇಕು’ ಎಂದು ರಟ್ಟಿನ ಮೇಲೆ ಬರೆದು ಮುಂದಿನವರ ಕೈಗೆ ಕೊಟ್ಟರು.

ಫೋನಿನಲ್ಲಿ ಮುಖಗಳು ಕಂಡವೇ ಹೊರತು ಚಪ್ಪಡಿ ಕಾಣಲಿಲ್ಲ. ರಿಸರ್ಚು ಸ್ಟೂಲು ಹತ್ತಿ, ಹುಟ್ಟಿದ ಮೇಲೆ ಮೊದಲ ಸಲ ದನಿ ಏರಿಸಿ, ಕೈ ಬೀಸಿದಳು. “ಎಲ್ರೂ ಸ್ವಲ್ಪ ಈ ಕಡೆ ಬನ್ನಿ. ಇನ್ನೂ ಬನ್ನಿ.”

ಅದೇ ಹೊತ್ತಿಗೆ ವಾರ್ಡ್ ಮೆಂಬರ ಬಲಗೈ ಬಂಟ ಸ್ಕೂಟರಿನಲ್ಲಿ ಹಾದುಹೋಗುತ್ತಿದ್ದ. ಸ್ಟೂಲು, ಬೀಸುವ ಕೈ, ರಟ್ಟು, ಜನ ಎಲ್ಲ ಕಂಡವು. ಅವನು ಬಂದ ದಾರಿಯಲ್ಲೇ ಸ್ಕೂಟರು ತಿರುಗಿಸಿದ.

ಚಪ್ಪಡಿ ಕಂಡಿತೆಂದುಕೊಂಡು ಅವಳು ಫೋಟೊ ಕಳಿಸಿದಳು. ಆಮೇಲೆ ಅವಳು ಕೂರಲಾರಳು, ನಿಲ್ಲಲಾರಳು. ಕೋಣೆಯುದ್ದಕ್ಕೂ ಓಡಾಡಿದಳು, ಫೋನು ದಿಂಬಿನಡಿ ಇಟ್ಟಳು, ಮರುಕ್ಷಣ ತೆಗೆದಳು. ಮಧ್ಯಾಹ್ನ ಕೆಳಗೆ ಲಾರಿಯ ಸದ್ದಾಯಿತು. ಹೊಸ ಚಪ್ಪಡಿಯ ಹಿಂದೆಯೇ ಸ್ವತಃ ಮೆಂಬರು ಇಳಿದರು.

“ಏನಮ್ಮ ತಂಗಿ, ಚುನಾವಣೆ ಇನ್ನೂ ದೂರ ಇದೆ. ಈಗಲೇ ಸ್ಟೂಲು ಹತ್ತಿದೀಯಂತೆ?”

“ಇಲ್ಲ ಸಾರ್, ನಾನು ಪ್ರಬಂಧಕ್ಕೆ...”

“ಎಲ್ರೂ ಮೊದ್ಲು ಹಂಗೇ ಹೇಳೋದು. ನಾನೂ ಶುರುವಲ್ಲಿ ವಾಚನಾಲಯ ಮಾಡ್ತೀನಿ ಅಂತಾನೇ ಬಂದೋನು.” ಮೆಂಬರು ಚಪ್ಪಡಿ ಹಾಕಿಸಿ, ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಹೋದರು.

ಯಾರು ಹಾಕಿಸಿದರೇನು, ಇನ್ನು ಆ್ಯಪು ‘ಪರಿಹಾರ’ ಎಂದರೆ ಸಾಕು ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಪುರಸಭೆಯ ಪರಿಶೀಲಕ ಬಂದ.

“ಮುರಿದಿರೋ ಚಪ್ಪಡಿ ಎಲ್ಲಿ?”

“ನೀವು ನಿಂತಿದ್ದೀರಲ್ಲ ಸಾರ್, ಅಲ್ಲೇ.”

“ಇದು ಗಟ್ಟಿಮುಟ್ಟಾಗಿದೆ.”

“ಮಧ್ಯಾಹ್ನದವರೆಗೂ ಮುರಿದಿತ್ತು. ಫೋಟೊ ನೋಡಿ.”

ಅವನು ನೋಡಿದ. “ಇದ್ರಲ್ಲಿ ಜನ ಇದಾರೆ, ಚಪ್ಪಡಿ ಇಲ್ಲ. ಮೆಂಬರು ಹಾಕಿಸಿದ್ದು ನಮ್ಮ ಲೆಕ್ಕಕ್ಕೆ ಬರಲ್ಲಮ್ಮ. ನಾನು ಬಂದಾಗ ಏನಿದೆಯೋ ಅದನ್ನೇ ಬರೀಬೇಕು.”

ಬರೆದ. ಅವಳ ಫೋನು ಸದ್ದು ಮಾಡಿತು: ‘ಸುಳ್ಳು ದೂರು. ನಿಮ್ಮ ಖಾತೆ ಸ್ಥಗಿತಗೊಂಡಿದೆ.’

“ಇದನ್ನ ಸರಿ ಮಾಡಿಸೋಕೆ ಏನು ಮಾಡ್ಬೇಕು ಸಾರ್?”

“ಮೆಂಬರ ಕೈಲಿ ಒಂದು ಮಾತು ಹೇಳಿಸಿ.”

ಸಂಜೆ ಬೀಳುವ ಮುನ್ನ ಅವಳು ಏದುಸಿರು ಬಿಡುತ್ತ ಮೆಂಬರ ಗೇಟು ತಲುಪಿದಳು. ಒಳಗಿನಿಂದ ನಗುನಗುತ್ತ ಬಂದವರು ಅವಳ ಗೈಡು.

“ಸಂಕಿರಣಕ್ಕೆ ಸಭಾಂಗಣ ಬೇಕಿತ್ತಲ್ಲ, ಕೇಳೋಕೆ ಬಂದಿದ್ದೆ. ಕೊಟ್ರು, ಪಾಪ ಒಳ್ಳೆ ಮನುಷ್ಯ. ಅವರ ತಂಗಿ ಮಗನೂ ಏನೋ ಓದ್ತಾನಂತೆ, ಆ ಜಾಗ ಅವನಿಗೆ ಕೊಟ್ಟೆ.”

“ಸರ್, ಅದು ನಂದು. ಇನ್ನೂ ಸಂಜೆ ಆಗಿಲ್ಲ.”

“ನಾನೂ ಅದೇ ಹೇಳಿದೆ. ಆದ್ರೆ ನಿನ್ನ ವಿಷಯ ಎಲ್ಲಾ ಅವರೇ ಹೇಳಿಬಿಟ್ರಲ್ಲಮ್ಮ. ಚುನಾವಣೆಗೆ ನಿಲ್ಲೋಳಿಗೆ ಪ್ರಬಂಧ ಯಾಕೆ ಅಂದ್ರು.” ಗೈಡು ಹಿಂದೆಮುಂದೆ ನೋಡಿ, ಅವಳ ಹತ್ತಿರ ಸರಿದು, ದನಿ ತಗ್ಗಿಸಿದರು. “ಗೆದ್ದ ಮೇಲೆ ನನ್ನ ವರ್ಗಾವಣೆದು ಸ್ವಲ್ಪ ಮೇಲಿನವರಿಗೆ ಹೇಳಮ್ಮ. ನಿನ್ನ ಬಿಟ್ರೆ ನನಗೆ ಇನ್ಯಾರು ಗೊತ್ತು?”